ಪೆನಿಕೀಸ್ ದ್ವೀಪಕ್ಕೆ ಹೋದ ಟೀಚರ್‌ಗಳು

ಅಮೆರಿಕದ ಪೂರ್ವ ಕರಾವಳಿಯಲ್ಲಿ, ಮ್ಯಾಸಚೂಸೆಟ್ಸ್ ರಾಜ್ಯಕ್ಕೆ ಸೇರಿದ ಬಜರ್ಡ್ಸ್ ಬೇ ಅನ್ನುವ ಕೊಲ್ಲಿಯಲ್ಲಿ ಪೆನಿಕೀಸ್ ಅಂತ ಒಂದು ದ್ವೀಪ ಇದೆ. ದ್ವೀಪ ಅಂದರೆ ದೊಡ್ಡದೇನಲ್ಲ, ಸುಮಾರು ಎಪ್ಪತ್ತೈದು ಎಕರೆ. ಮರ ಕಡಿಮೆ, ಗಾಳಿ ಜಾಸ್ತಿ. 1873ರ ಜುಲೈ 8ರಂದು ಈ ದ್ವೀಪಕ್ಕೆ ಒಂದು ದೋಣಿ ತುಂಬ ಮೇಷ್ಟ್ರುಗಳೂ ಟೀಚರಮ್ಮಗಳೂ ಬಂದಿಳಿದರು. ಐವತ್ತರ ಹತ್ತಿರ ಜನ, ಅದರಲ್ಲಿ ಮೂರನೇ ಒಂದು ಪಾಲು ಹೆಂಗಸರು. ಬೇಸಿಗೆ ರಜೆ. ಊರಿಗೆ ಹೋಗಿ ಆರಾಮಾಗಿ ಇರಬಹುದಿತ್ತು. ಇವರು ಬಂದದ್ದು ಮೀನು, ಏಡಿ, ಚಿಪ್ಪು ನೋಡುವುದನ್ನು ಕಲಿಯಲಿಕ್ಕೆ.

ಶಾಲೆ ಮಕ್ಕಳಿಗೆ ಕಡಲಿನ ಜೀವಿಗಳ ಪಾಠವನ್ನು ಕೈಯಲ್ಲಿ ಮುಟ್ಟಿಸಿ, ಕಣ್ಣಲ್ಲಿ ತೋರಿಸಿ ಕಲಿಸುವ ವಿಚಾರದ ಬಗ್ಗೆ ಈಗ ಎಲ್ಲ ಕಡೆ ಮಾತು ಕೇಳುತ್ತೇವೆ. ಇದು ಮೊನ್ನೆ ಮೊನ್ನೆ ಹುಟ್ಟಿದ ಫ್ಯಾಶನ್ ಅಂತ ನಾನೂ ಅಂದುಕೊಂಡಿದ್ದೆ. ಓದುತ್ತಾ ಹೋದರೆ ನೂರೈವತ್ತು ವರ್ಷದ ಕಥೆ. ನಾನು ಬಿಕಾಂ ಓದಿ ಬ್ಯಾಂಕಿಗೆ ಸೇರಿದವನು, ಜೀವಶಾಸ್ತ್ರ ನನ್ನ ಸಬ್ಜೆಕ್ಟೇ ಅಲ್ಲ. ಆದರೆ ಹುಟ್ಟಿದ್ದು ಕುಮಟೆ ಕಡೆ, ಬದುಕು ಕಳೆದದ್ದು ಮುಂಬಯಿಯಲ್ಲಿ. ಎರಡೂ ಕಡೆ ಸಮುದ್ರ. ಹಾಗಾಗಿ ಈ ಕಥೆ ನನಗೆ ಹಿಡಿಸಿತು, ನಿಮಗೂ ಹೇಳೋಣ ಅನಿಸಿತು.

ಮೇಷ್ಟ್ರುಗಳನ್ನು ಕರೆಸಿದವರು ಲೂಯಿ ಅಗಾಸಿ. (ಟೆನಿಸ್ ಆಟಗಾರನ ನೆನಪಾದರೆ ಬಿಟ್ಟುಬಿಡಿ, ಇವರೇ ಬೇರೆ.) 1807ರಲ್ಲಿ ಸ್ವಿಟ್ಜರ್ಲೆಂಡಿನಲ್ಲಿ ಹುಟ್ಟಿದವರು. ಕಲ್ಲಾಗಿ ಉಳಿದ ಪುರಾತನ ಮೀನುಗಳ ಬಗ್ಗೆ ದೊಡ್ಡ ಗ್ರಂಥ ಬರೆದವರು. ಒಂದು ಕಾಲದಲ್ಲಿ ಭೂಮಿಯ ಬಹುಭಾಗ ಹಿಮದ ಕೆಳಗಿತ್ತು ಎಂಬ ವಾದವನ್ನು 1840ರ ಸುಮಾರಿಗೆ ಗಟ್ಟಿಯಾಗಿ ಎತ್ತಿ ಹಿಡಿದವರು. 1846ರಲ್ಲಿ ಅಮೆರಿಕಕ್ಕೆ ಭಾಷಣ ಮಾಡಲು ಹೋಗಿ ಅಲ್ಲೇ ನಿಂತರು, ಹಾರ್ವರ್ಡ್‌ನಲ್ಲಿ ಪ್ರೊಫೆಸರ್ ಆದರು, 1859ರಲ್ಲಿ ಅಲ್ಲೊಂದು ಪ್ರಾಣಿಶಾಸ್ತ್ರ ಮ್ಯೂಸಿಯಂ ಕಟ್ಟಿದರು.

ಅಗಾಸಿಯವರ ಪಾಠದ ಕ್ರಮದ ಬಗ್ಗೆ ಒಂದು ಪ್ರಸಂಗ ಬಹಳ ಪ್ರಸಿದ್ಧ. ಸ್ಯಾಮ್ಯುಯೆಲ್ ಸ್ಕಡರ್ ಎಂಬ ಹುಡುಗ ಕೀಟಶಾಸ್ತ್ರ ಕಲಿಯಬೇಕು ಅಂತ ಬಂದ. ಅಗಾಸಿ ಒಂದು ಜಾಡಿಯಿಂದ ಸ್ಪಿರಿಟ್‌ನಲ್ಲಿ ನೆನೆದ ಮೀನೊಂದನ್ನು ತೆಗೆದು ತಟ್ಟೆಯಲ್ಲಿಟ್ಟು, ನೋಡುತ್ತಿರು ಅಂತ ಹೇಳಿ ಹೊರಟುಹೋದರು. ಹತ್ತು ನಿಮಿಷದಲ್ಲಿ ಹುಡುಗನಿಗೆ ನೋಡಿ ಮುಗಿಯಿತು. ಮೇಷ್ಟ್ರ ಪತ್ತೆ ಇಲ್ಲ. ಭೂತಗನ್ನಡಿ ಮುಟ್ಟುವ ಹಾಗಿಲ್ಲ, ಪುಸ್ತಕ ನೋಡುವ ಹಾಗಿಲ್ಲ. ಬೇಜಾರಿಗೆ ಚಿತ್ರ ಬರೆಯಲು ಕೂತ. ಬರೆಯುವಾಗ ಹಿಂದೆ ಕಾಣದ್ದು ಕಾಣತೊಡಗಿತು. ಮೇಷ್ಟ್ರು ಬಂದರು, ಕೇಳಿದರು, ಇನ್ನೂ ನೋಡು ಅಂದರು. ಹೀಗೆ ಮೂರು ದಿನ ಒಂದೇ ಮೀನು! ಮೀನಿನ ಎಡ ಬಲ ಎರಡೂ ಮಗ್ಗುಲು ಒಂದಕ್ಕೊಂದು ಹೊಂದುವಂತಿವೆ, ಅಂಗಗಳು ಜೋಡಿ ಜೋಡಿಯಾಗಿವೆ ಎಂದು ಹುಡುಗನೇ ಕಂಡುಹಿಡಿದು ಹೇಳಿದ ಮೇಲೆ ಮೇಷ್ಟ್ರ ಮುಖ ಅರಳಿತು. ಸ್ಕಡರ್ ಮುಂದೆ ದೊಡ್ಡ ಕೀಟಶಾಸ್ತ್ರಜ್ಞನಾದ, ಈ ಪ್ರಸಂಗವನ್ನು ತಾನೇ ಬರೆದಿಟ್ಟ.

ಇದನ್ನು ಓದುವಾಗ ನನಗೆ ನೆನಪಾದದ್ದು ಬ್ಯಾಂಕಿನ ಗೋಡೌನ್ ಇನ್‌ಸ್ಪೆಕ್ಷನ್. ಸಾಲಕ್ಕೆ ಅಡವಿಟ್ಟ ಸರಕಿನ ಲೆಕ್ಕ ರಿಜಿಸ್ಟರಿನಲ್ಲಿ ಯಾವಾಗಲೂ ಸರಿಯಾಗಿಯೇ ಇರುತ್ತದೆ. ಗೋಡೌನಿಗೆ ಹೋಗಿ ಗೋಣಿಗೆ ಕೈ ಹಾಕಿದಾಗಲೇ ಗೊತ್ತಾಗುವುದು ಒಳಗಿರುವುದು ಅಕ್ಕಿಯೋ ಹೊಟ್ಟೋ ಅಂತ.

ಇರಲಿ. ಅಗಾಸಿಯವರಿಗೆ ವಯಸ್ಸಾಗಿತ್ತು, ಆರೋಗ್ಯ ಕೆಟ್ಟಿತ್ತು. ಶಾಲಾ ಶಿಕ್ಷಕರಿಗಾಗಿ ಸಮುದ್ರದ ದಡದಲ್ಲಿ ಬೇಸಿಗೆ ಶಾಲೆ ನಡೆಸುವ ಯೋಜನೆಯನ್ನು ಅವರು ಪ್ರಕಟಿಸಿದ್ದರು, ಕೈಯಲ್ಲಿ ಕಾಸಿರಲಿಲ್ಲ. ಪತ್ರಿಕೆಯಲ್ಲಿ ಅದನ್ನು ಓದಿದ ಜಾನ್ ಆಂಡರ್ಸನ್ ಎಂಬ ನ್ಯೂಯಾರ್ಕಿನ ತಂಬಾಕು ವ್ಯಾಪಾರಿ, ಪೆನಿಕೀಸ್ ದ್ವೀಪವನ್ನೂ ಜೊತೆಗೆ 50,000 ಡಾಲರನ್ನೂ ಕೊಟ್ಟುಬಿಟ್ಟ. ಇದು ನಡೆದದ್ದು 1873ರ ವಸಂತದಲ್ಲಿ. ಜುಲೈ ಹೊತ್ತಿಗೆ ಶಾಲೆ ಶುರುವಾಗಬೇಕು! ಬಡಗಿಗಳು ಹಗಲೂ ರಾತ್ರಿ ಕೆಲಸ ಮಾಡಿದರೂ ಕಟ್ಟಡ ಮುಗಿದಿರಲಿಲ್ಲ. ಹಳೆಯ ಕೊಟ್ಟಿಗೆಯನ್ನೇ ತೊಳೆದು ಬಳಿದು ಊಟದ ಹಾಲ್ ಮಾಡಿದರು. ಉದ್ಘಾಟನೆಯೂ ಅಲ್ಲೇ. ಆ ದಿನ ಅಗಾಸಿ ಎಲ್ಲರನ್ನೂ ಮೌನವಾಗಿ ಪ್ರಾರ್ಥಿಸಲು ಕೇಳಿಕೊಂಡದ್ದರ ಮೇಲೆ ವಿಟಿಯರ್ ಎಂಬ ಕವಿ ಒಂದು ಕವಿತೆಯನ್ನೇ ಬರೆದಿದ್ದಾನೆ.

ಆ ಶಾಲೆಯಲ್ಲಿ ಪಠ್ಯಪುಸ್ತಕ ಇರಲಿಲ್ಲ. ಪುಸ್ತಕವನ್ನಲ್ಲ, ಪ್ರಕೃತಿಯನ್ನು ಓದಿ ಎಂಬ ಅರ್ಥದ ಒಂದು ಬೋರ್ಡು ಇತ್ತು. ನೀರು ಇಳಿದಾಗ ಬಂಡೆಗಳ ಮೇಲೆ, ಉಳಿದ ಹೊತ್ತು ಮೇಜಿನ ಮುಂದೆ. ಬಲೆ ಎಳೆದು ತಂದದ್ದನ್ನು ನೋಡುವುದು, ಬಿಡಿಸುವುದು, ಚಿತ್ರ ಬರೆಯುವುದು. ಸಂಜೆ ಅಗಾಸಿಯವರ ಉಪನ್ಯಾಸ. ಊರಿಗೆ ಹಿಂತಿರುಗಿದ ಮೇಲೆ ಮಕ್ಕಳಿಗೆ ಇದೇ ರೀತಿ ಕಲಿಸಬೇಕು ಎಂಬುದೇ ಅವರು ಕೇಳಿದ ಗುರುದಕ್ಷಿಣೆ.

ಗಮನಿಸಿ, ಮಕ್ಕಳಿಗೆ ಕಲಿಸಬೇಕು ಅಂತ ಅಗಾಸಿ ಮಕ್ಕಳನ್ನು ದ್ವೀಪಕ್ಕೆ ಕರೆದುಕೊಂಡು ಹೋಗಲಿಲ್ಲ. ಮೊದಲು ಮೇಷ್ಟ್ರ ಕಾಲು ನೀರಲ್ಲಿ ಒದ್ದೆಯಾಗಬೇಕು ಅಂದರು. ನಮ್ಮಲ್ಲಿ ಸುಧಾರಣೆ ಅಂದ ಕೂಡಲೇ ಪಠ್ಯಪುಸ್ತಕ ಬದಲಾಗುತ್ತದೆ, ಕಿಟ್ ಬರುತ್ತದೆ, ಲ್ಯಾಬಿಗೆ ಬೀಗ ಬೀಳುತ್ತದೆ. ಟೀಚರ್ ಮಾತ್ರ ಹಾಗೆಯೇ ಇರುತ್ತಾರೆ. ಅವರ ತಪ್ಪಲ್ಲ. ಅವರಿಗೆ ಯಾರೂ ಏನೂ ತೋರಿಸಿರುವುದಿಲ್ಲ.

ಈ ಕಥೆಯಲ್ಲಿ ಅಗಾಸಿಗಿಂತ ನನಗೆ ಹೆಚ್ಚು ಇಷ್ಟವಾದವರು ಅವರ ಎರಡನೇ ಹೆಂಡತಿ ಎಲಿಜಬೆತ್ ಕೇರಿ ಅಗಾಸಿ. 1850ರಲ್ಲಿ ಮದುವೆ. ಪ್ರೊಫೆಸರ್ ಮನೆ ಅಂದರೆ ಗೊತ್ತಲ್ಲ, ಮ್ಯೂಸಿಯಮ್ಮಿಗೆ ಸಾಮಾನು ಕೊಂಡು ಕೊಂಡು ಸಾಲ. ಆಕೆ 1855ರಲ್ಲಿ ಮನೆಯ ಮಹಡಿಯಲ್ಲೇ ಹೆಣ್ಣುಮಕ್ಕಳ ಶಾಲೆ ತೆರೆದರು. ಎಂಟು ವರ್ಷ ನಡೆಸಿದರು, ಸಂಸಾರ ದಡ ಸೇರಿತು. 1859ರಲ್ಲಿ ಮಕ್ಕಳಿಗಾಗಿ ಒಂದು ಪುಟ್ಟ ಪುಸ್ತಕವನ್ನೂ ಬರೆದರು, ಅದೂ ತಮ್ಮ ಹೆಸರು ಹಾಕದೆ, ಆಕ್ಟಿಯಾ ಎಂಬ ಗುಪ್ತನಾಮದಲ್ಲಿ. ಹೆಸರು ಪ್ರಕೃತಿ ಶಾಸ್ತ್ರದ ಮೊದಲ ಪಾಠ ಅಂತಿದ್ದರೂ ಒಳಗಿರುವುದೆಲ್ಲ ಕಡಲೇ. ಹೂವಿನ ಹಾಗೆ ಅರಳುವ ಸೀ ಅನಿಮೋನ್, ಹವಳ, ಜೆಲ್ಲಿಫಿಶ್, ನಕ್ಷತ್ರ ಮೀನು, ಮೈಯೆಲ್ಲ ಮುಳ್ಳಿರುವ ಸೀ ಅರ್ಚಿನ್. ಮನೆಯ ಮಕ್ಕಳಿಗೆ ಕಾಗದ ಬರೆದ ಹಾಗೆ ಬರೆದದ್ದು. ಡಾರ್ವಿನ್ನನ ಪ್ರಸಿದ್ಧ ಪುಸ್ತಕ ಬಂದ ವರ್ಷವೇ ಇದೂ ಬಂತು. ಆಮೇಲೆ ಮಲಮಗ ಅಲೆಕ್ಸಾಂಡರ್ ಜೊತೆ ಸೇರಿ 1865ರಲ್ಲಿ ಕಡಲ ತೀರದ ಜೀವಿಗಳ ಬಗ್ಗೆ ಇನ್ನೊಂದು ಪುಸ್ತಕ. ಪೆನಿಕೀಸ್‌ನಲ್ಲೂ ಆಕೆ ಗಂಡನ ಪಕ್ಕದಲ್ಲಿದ್ದರು. ಹಾರ್ವರ್ಡ್ ಹೆಂಗಸರನ್ನು ಸೇರಿಸಿಕೊಳ್ಳದಿದ್ದ ಕಾಲದಲ್ಲಿ ಅವರಿಗಾಗಿ ಪಕ್ಕದಲ್ಲೇ ಪಾಠ ಶುರುಮಾಡಿದವರಲ್ಲಿ ಆಕೆ ಒಬ್ಬರು. ಅದು 1894ರಲ್ಲಿ ರ್‍ಯಾಡ್‌ಕ್ಲಿಫ್ ಕಾಲೇಜಾದಾಗ ಮೊದಲ ಅಧ್ಯಕ್ಷೆ ಆಕೆಯೇ.

ಅಗಾಸಿಯವರ ಇನ್ನೊಂದು ಮುಖ ಹೇಳದೆ ಬಿಟ್ಟರೆ ಬ್ಯಾಲೆನ್ಸ್ ಶೀಟಿನಲ್ಲಿ ಆಸ್ತಿ ಮಾತ್ರ ತೋರಿಸಿ ಸಾಲ ಮುಚ್ಚಿಟ್ಟ ಹಾಗಾಗುತ್ತದೆ. ಡಾರ್ವಿನ್ನನ ವಿಕಾಸವಾದವನ್ನು ಅವರು ಸಾಯುವವರೆಗೂ ಒಪ್ಪಲಿಲ್ಲ. ಅದಾದರೂ ಹೋಗಲಿ, ವಿದ್ವಾಂಸರ ಜಗಳ. ಬಿಳಿಯರು ಕರಿಯರು ಬೇರೆ ಬೇರೆಯಾಗಿ ಸೃಷ್ಟಿಯಾದವರು, ಸಮಾನರಲ್ಲ ಅಂತಲೂ ಅವರು ಪ್ರತಿಪಾದಿಸಿದರು. ಅದಕ್ಕೆ ಪುರಾವೆಯಾಗಿ 1850ರಲ್ಲಿ ದಕ್ಷಿಣ ಕೆರೊಲಿನಾದಲ್ಲಿ ಗುಲಾಮರನ್ನು ಬಟ್ಟೆ ಬಿಚ್ಚಿಸಿ ನಿಲ್ಲಿಸಿ ಫೋಟೋ ತೆಗೆಸಿದರು. ಮೂರು ದಿನ ಒಂದು ಮೀನನ್ನು ನೋಡು ಅಂದವರಿಗೆ ಎದುರಿಗೆ ನಿಂತ ಮನುಷ್ಯ ಕಾಣಲಿಲ್ಲ. ಇದನ್ನು ಹೇಗೆ ಅರ್ಥಮಾಡಿಕೊಳ್ಳುವುದೋ! ಕೇಂಬ್ರಿಜ್ ಊರಿನಲ್ಲಿ ಅವರ ಹೆಸರಿನ ಒಂದು ಪ್ರಾಥಮಿಕ ಶಾಲೆ ಇತ್ತು. ಅಲ್ಲಿಗೆ 1889ರಲ್ಲಿ ಪ್ರಿನ್ಸಿಪಾಲ್ ಆದವರು ಮರಿಯಾ ಬಾಲ್ಡ್‌ವಿನ್, ಕರಿಯ ಮಹಿಳೆ. 2002ರಲ್ಲಿ ಆ ಶಾಲೆಯಿಂದ ಅಗಾಸಿ ಹೆಸರು ತೆಗೆದು ಬಾಲ್ಡ್‌ವಿನ್ ಹೆಸರಿಟ್ಟರು. ಸರಿಯಾದ ಕೆಲಸ ಅಂತ ನನ್ನ ಅಭಿಪ್ರಾಯ.

ಪೆನಿಕೀಸ್ ಶಾಲೆ ಬಹಳ ದಿನ ಬಾಳಲಿಲ್ಲ. ಅದೇ ವರ್ಷ ಡಿಸೆಂಬರ್ 14ರಂದು ಅಗಾಸಿ ತೀರಿಕೊಂಡರು. 1874ರ ಬೇಸಿಗೆಯಲ್ಲಿ ಮಗ ಅಲೆಕ್ಸಾಂಡರ್ ಒಂದು ಸಲ ನಡೆಸಿದರು, ಖರ್ಚು ತೂಗಲಿಲ್ಲ, ಮುಚ್ಚಿತು. 1905ರಲ್ಲಿ ಸರ್ಕಾರ ದ್ವೀಪವನ್ನು ತೆಗೆದುಕೊಂಡು ಕುಷ್ಠರೋಗಿಗಳ ಆಸ್ಪತ್ರೆ ಮಾಡಿತು, 1921ರವರೆಗೆ ಅದು ನಡೆಯಿತು. ಎರಡೇ ಬೇಸಿಗೆಯ ಶಾಲೆ. ಬ್ಯಾಂಕಿನ ಭಾಷೆಯಲ್ಲಿ ಹೇಳುವುದಾದರೆ ಪಕ್ಕಾ ಎನ್‌ಪಿಎ, ಹಾಕಿದ ಬಂಡವಾಳ ಮುಳುಗಿತು.

ಆದರೆ ಆ ಎರಡು ಬೇಸಿಗೆಗಳಲ್ಲಿ ಅಲ್ಲಿ ಕಲಿತವರ ಪಟ್ಟಿ ನೋಡಿ. ಡೇವಿಡ್ ಸ್ಟಾರ್ ಜೋರ್ಡನ್ ಮುಂದೆ ಸ್ಟ್ಯಾನ್‌ಫರ್ಡ್ ವಿಶ್ವವಿದ್ಯಾಲಯದ ಮೊದಲ ಅಧ್ಯಕ್ಷರಾದರು, 1892ರಲ್ಲಿ ಕ್ಯಾಲಿಫೋರ್ನಿಯಾದ ತೀರದಲ್ಲಿ ಅಂಥದೇ ಪ್ರಯೋಗಾಲಯ ತೆರೆಯಲು ಕಾರಣರಾದರು. ಬಾಸ್ಟನ್ನಿನಲ್ಲಿ ಹೈಸ್ಕೂಲ್ ಮೇಷ್ಟ್ರಾಗಿದ್ದ ಚಾರ್ಲ್ಸ್ ವಿಟ್ಮನ್, 1888ರಲ್ಲಿ ವುಡ್ಸ್ ಹೋಲ್ ಎಂಬ ಮೀನುಗಾರರ ಊರಿನಲ್ಲಿ ಶುರುವಾದ ಕಡಲ ಜೀವಶಾಸ್ತ್ರ ಪ್ರಯೋಗಾಲಯದ ಮೊದಲ ನಿರ್ದೇಶಕರಾದರು. ಆ ಪ್ರಯೋಗಾಲಯದ ಮೊದಲ ಬೇಸಿಗೆಯಲ್ಲೇ ಸಂಶೋಧನೆಗೆ ಕೂತವರಲ್ಲಿ ಕೊರ್ನೀಲಿಯಾ ಕ್ಲ್ಯಾಪ್ ಒಬ್ಬರು. 1874ರಲ್ಲಿ ಪೆನಿಕೀಸ್‌ಗೆ ಬಂದಾಗ ಆಕೆ ಮೌಂಟ್ ಹೋಲಿಯೋಕ್ ಎಂಬ ಹೆಣ್ಣುಮಕ್ಕಳ ವಿದ್ಯಾಲಯದ ಟೀಚರ್. ಹಿಂತಿರುಗಿ ಹೋಗಿ ಪಾಠ ಮಾಡುವ ಕ್ರಮವನ್ನೇ ಬದಲಿಸಿದರು. ತಾವು ಕಲಿಸುತ್ತಲೇ ಓದಿ 1896ರಲ್ಲಿ ಡಾಕ್ಟರೇಟ್ ಪಡೆದರು, ಆಗ ವಯಸ್ಸು ನಲವತ್ತೇಳು. ಆಕೆಯ ಕೈಯಲ್ಲಿ ಕಲಿತ ಹುಡುಗಿಯರಲ್ಲಿ ಎಷ್ಟೋ ಮಂದಿ ಶಾಲೆಗಳಿಗೆ ಟೀಚರಾಗಿ ಹೋದರು.

ಪೆನಿಕೀಸ್‌ನ ಆ ಬೋರ್ಡು, ಪುಸ್ತಕ ಬಿಡಿ ಅನ್ನುವುದು, ಮುಂದೆ ವುಡ್ಸ್ ಹೋಲ್‌ಗೆ ಬಂತು. ಅದನ್ನು ತೂಗುಹಾಕಿದ್ದು ಎಲ್ಲಿ ಅಂತೀರಿ? ಅಲ್ಲಿನ ಲೈಬ್ರರಿಯಲ್ಲಿ! ಜಗತ್ತಿನಲ್ಲಿ ತಮಾಷೆಗೆ ಕೊರತೆ ಇಲ್ಲ.

ಬಾಸ್ಟನ್ ನಗರದಲ್ಲಿ ಇನ್ನೊಂದು ಕೆಲಸ ಸದ್ದಿಲ್ಲದೆ ನಡೆದಿತ್ತು. ಅಗಾಸಿಯವರ ಇನ್ನೊಬ್ಬ ಶಿಷ್ಯ ಆಲ್ಫಿಯಸ್ ಹಯಟ್. (ಈತ ಗುರುವಿನ ಮಾತು ಮೀರಿ ವಿಕಾಸವಾದಿಯಾದ.) 1870ರ ಸುಮಾರಿನಿಂದ ಅಲ್ಲಿನ ಪ್ರಕೃತಿ ವಿಜ್ಞಾನ ಸಂಘದವರು ಶಾಲಾ ಶಿಕ್ಷಕರಿಗೆಂದೇ ತರಗತಿ ನಡೆಸುತ್ತಿದ್ದರು. ಹಯಟ್ ಪಾಠ ಮಾಡುವಾಗ ಕೂತ ನೂರಾರು ಟೀಚರ್‌ಗಳ ಕೈಗೂ ಒಂದೊಂದು ವಸ್ತು ಕೊಡುತ್ತಿದ್ದ. ಸ್ಪಂಜು, ಚಿಪ್ಪು, ಹವಳದ ತುಂಡು. ಅದನ್ನು ಟೀಚರ್ ತಮ್ಮ ತರಗತಿಗೆ ಒಯ್ಯಬಹುದು. ಜೊತೆಗೆ ಸಣ್ಣ ಸಣ್ಣ ಕೈಪಿಡಿಗಳ ಮಾಲೆ. ಒಂದು ಪೂರ್ತಿ ಕೈಪಿಡಿ ಸ್ಪಂಜಿನ ಬಗ್ಗೆ, ಅಂದರೆ ಆ ಕಾಲದಲ್ಲಿ ಪ್ರತಿ ಮನೆಯ ಬಚ್ಚಲಲ್ಲಿ ಇದ್ದ ವಸ್ತು. ಇನ್ನೊಂದು ಊಟದ ತಟ್ಟೆಗೆ ಬರುವ ಆಯ್ಸ್ಟರ್ ಮತ್ತು ಕ್ಲ್ಯಾಮ್ ಬಗ್ಗೆ. ಮಗುವಿಗೆ ಗೊತ್ತಿರುವುದರಿಂದ ಹಿಡಿದು ಗೊತ್ತಿಲ್ಲದ್ದಕ್ಕೆ ಹೋಗುವ ದಾರಿ. ಇದಕ್ಕಿಂತ ಸರಳ ಏನಿದೆ?

ನನಗೆ ನಮ್ಮೂರಿನ ಅಘನಾಶಿನಿ ಅಳಿವೆ ಕಣ್ಣೆದುರು ಬಂತು. ನೀರು ಇಳಿದ ಹೊತ್ತಿಗೆ ಗಂಡಸರು ಹೆಂಗಸರು ಮಕ್ಕಳು ಮೊಣಕಾಲು ಕೆಸರಿನಲ್ಲಿ ನಿಂತು ಬೆಳಚು ಆರಿಸುತ್ತಿದ್ದರು. ಎಲ್ಲಿ ಕಾಲಿಟ್ಟರೆ ಸಿಗುತ್ತದೆ, ಯಾವ ತಿಥಿಗೆ ನೀರು ಎಷ್ಟು ಇಳಿಯುತ್ತದೆ, ಯಾವ ತಿಂಗಳು ಮಾಂಸ ತುಂಬಿರುತ್ತದೆ, ಎಲ್ಲ ಬಾಯಿಪಾಠ. ನನ್ನ ಜೊತೆ ಕ್ಲಾಸಿನಲ್ಲಿ ಕೂರುತ್ತಿದ್ದ ಮಕ್ಕಳೇ ಅವರು. ವಿಜ್ಞಾನದ ಪೀರಿಯಡ್ಡಿನಲ್ಲಿ ಮೃದ್ವಂಗಿಗಳು ಅಂತ ಪದ ಬಂದಾಗ ನಾವೆಲ್ಲ ಬಾಯಿಪಾಠ ಮಾಡಿದೆವು. ಹಿಂದಿನ ದಿನ ರಾತ್ರಿ ಪಲ್ಯ ಮಾಡಿ ತಿಂದದ್ದೇ ಮೃದ್ವಂಗಿ ಅಂತ ಹೇಳುವವರು ಇರಲಿಲ್ಲ. ಆ ಹುಡುಗರಲ್ಲಿ ಕೆಲವರು ಫೇಲಾಗಿ ಶಾಲೆ ಬಿಟ್ಟರು. ಅವರಿಗೆ ಗೊತ್ತಿದ್ದದ್ದರ ಹತ್ತರಲ್ಲಿ ಒಂದು ಭಾಗ ನನಗೆ ಗೊತ್ತಿರಲಿಲ್ಲ, ಪಾಸಾದವನು ನಾನು.

ಮತ್ತೆ ಅಮೆರಿಕಕ್ಕೆ ಬರೋಣ. ಪೆನಿಕೀಸ್‌ನ ಕಿಡಿ ಸಮುದ್ರದಿಂದ ದೂರದ ಊರುಗಳಿಗೂ ಹಾರಿತ್ತು. ಅಗಾಸಿಯವರಲ್ಲಿ ಕಲಿತ ಬೀಲ್ ಎಂಬ ಸಸ್ಯಶಾಸ್ತ್ರಜ್ಞ ಮಿಶಿಗನ್‌ನಲ್ಲಿ ಪಾಠ ಮಾಡಿದ, ಬೀಲ್‌ನ ಶಿಷ್ಯ ಲಿಬರ್ಟಿ ಹೈಡ್ ಬೇಯ್ಲಿ ಕಾರ್ನೆಲ್‌ಗೆ ಹೋದ. ಅಲ್ಲಿಂದ 1890ರ ದಶಕದಲ್ಲಿ ಹಳ್ಳಿ ಶಾಲೆಗಳ ಟೀಚರ್‌ಗಳಿಗೆ ಪ್ರಕೃತಿ ಪಾಠದ ಕರಪತ್ರಗಳು ಹೋಗತೊಡಗಿದವು. ಅದರ ಹಿಂದಿದ್ದ ಆನಾ ಕಾಮ್‌ಸ್ಟಾಕ್ 1911ರಲ್ಲಿ ಎಲ್ಲ ಸೇರಿಸಿ ದಪ್ಪ ಕೈಪಿಡಿ ಮಾಡಿದರು. ಅದರಲ್ಲಿ ಆಕೆ ಕೊಡುವ ಒಂದು ಸಲಹೆಯನ್ನು ನಮ್ಮ ಪ್ರತಿ ಬಿಎಡ್ ಕಾಲೇಜಿನಲ್ಲೂ ಹೇಳಿಕೊಡಬೇಕು. ಮಗು ಕೇಳಿದ್ದು ಗೊತ್ತಿಲ್ಲದಿದ್ದರೆ ಟೀಚರ್ ನಾಚಿಕೆ ಪಡದೆ ಗೊತ್ತಿಲ್ಲ ಅನ್ನಬೇಕು, ಬಾ ಇಬ್ಬರೂ ಹುಡುಕೋಣ ಅನ್ನಬೇಕು.

ಕೊನೆಗೂ ಮಕ್ಕಳೇ ನೀರಿಗಿಳಿಯುವ ಶಾಲೆ ಹುಟ್ಟಿದ್ದು 1913ರಲ್ಲಿ, ಅದೇ ವುಡ್ಸ್ ಹೋಲ್‌ನಲ್ಲಿ. ಬೇಸಿಗೆಯಲ್ಲಿ ವಿಜ್ಞಾನಿಗಳು ಸಂಸಾರ ಸಮೇತ ಬರುತ್ತಿದ್ದರು. ದೊಡ್ಡವರು ಪ್ರಯೋಗಾಲಯ ಸೇರಿದರೆ ಮಕ್ಕಳು ಏನು ಮಾಡಬೇಕು? ಆ ಕುಟುಂಬಗಳೇ ಸೇರಿ ಮಕ್ಕಳಿಗೊಂದು ಬೇಸಿಗೆ ಶಾಲೆ ಮಾಡಿದವು, ಊರಿನ ಹಳೆಯ ಶಾಲೆಯ ಕಟ್ಟಡದಲ್ಲಿ ಅದು ನೆಲೆ ನಿಂತಿತು. ಏಳೆಂಟು ವರ್ಷದ ಮಕ್ಕಳು ಬಲೆ ಬಕೆಟ್ ಹಿಡಿದು ದಡಕ್ಕೆ ಹೋಗುವುದು, ತಂದದ್ದನ್ನು ಉಪ್ಪುನೀರಿನ ತಟ್ಟೆಯಲ್ಲಿಟ್ಟು ನೋಡುವುದು, ಮತ್ತೆ ಬಿಟ್ಟು ಬರುವುದು. ನೂರು ವರ್ಷ ದಾಟಿದೆ.

ಅದೇ ಊರಿಗೆ 1929ರ ಬೇಸಿಗೆಯಲ್ಲಿ ಇಪ್ಪತ್ತೆರಡು ವರ್ಷದ ಹುಡುಗಿಯೊಬ್ಬಳು ಬಂದಳು. ಸಮುದ್ರ ಇಲ್ಲದ ಪೆನ್ಸಿಲ್ವೇನಿಯಾದ ಒಳನಾಡಿನವಳು. ಹೆಸರು ರೇಚಲ್ ಕಾರ್ಸನ್. ಅವಳು ಸಮುದ್ರವನ್ನು ಕಂಡದ್ದೇ ಆಗ! ಅವಳ ತಾಯಿ ಮದುವೆಗೆ ಮುಂಚೆ ಶಾಲಾ ಟೀಚರಾಗಿದ್ದವರು, ಮಗಳನ್ನು ಕೈಹಿಡಿದು ಕಾಡು ಹೊಲ ಸುತ್ತಿಸಿ ಬೆಳೆಸಿದವರು. ಕಾರ್ಸನ್ ಮುಂದೆ ಕಡಲಿನ ಬಗ್ಗೆ ಬರೆದದ್ದು, ಕೀಟನಾಶಕಗಳ ವಿರುದ್ಧ 1962ರಲ್ಲಿ ಬರೆದದ್ದು ಎಲ್ಲರಿಗೂ ಗೊತ್ತು. 1956ರಲ್ಲಿ ಮಹಿಳೆಯರ ಪತ್ರಿಕೆಯೊಂದಕ್ಕೆ ಬರೆದ ಲೇಖನ ಅಷ್ಟಾಗಿ ಗೊತ್ತಿಲ್ಲ. ಅಕ್ಕನ ಮೊಮ್ಮಗ ರೋಜರ್ ಎಂಬ ಪುಟ್ಟ ಹುಡುಗನನ್ನು ಮೇಯ್ನ್ ರಾಜ್ಯದ ತೀರಕ್ಕೆ, ರಾತ್ರಿಯಲ್ಲಿ, ಮಳೆಯಲ್ಲಿ, ಟಾರ್ಚ್ ಹಿಡಿದು ಏಡಿ ಹುಡುಕಲು ಕರೆದುಕೊಂಡು ಹೋದ ಕಥೆ. ಹೆಸರುಗಳನ್ನು ಕಲಿಸುವ ಆತುರ ಬೇಡ, ಮಗುವಿನ ಬೆರಗಿಗೆ ಜೊತೆಯಾಗುವ ಒಬ್ಬ ದೊಡ್ಡವರು ಇದ್ದರೆ ಸಾಕು ಎನ್ನುವುದು ಆಕೆಯ ವಾದ. ಕ್ಯಾನ್ಸರಿನಿಂದ ಆಕೆ 1964ರಲ್ಲಿ ತೀರಿಕೊಂಡ ಮೇಲೆ, 1965ರಲ್ಲಿ ಅದು ಪುಸ್ತಕವಾಯಿತು.

ಮುಟ್ಟಿ ಕಲಿಯುವುದಕ್ಕೆ ಇನ್ನೊಂದು ಮಗ್ಗುಲೂ ಇದೆ, ಅದನ್ನು ತೋರಿಸಿಕೊಟ್ಟದ್ದು ಇಂಗ್ಲೆಂಡ್. 1845ರಲ್ಲಿ ಅಲ್ಲಿ ಗಾಜಿನ ಮೇಲಿನ ಸುಂಕ ತೆಗೆದರು, ಗಾಜು ಅಗ್ಗವಾಯಿತು. 1853ರಲ್ಲಿ ಲಂಡನ್ ಝೂನಲ್ಲಿ ಸಾರ್ವಜನಿಕರಿಗೆ ಮೀನಿನ ಮನೆ ತೆರೆಯಿತು. ಫಿಲಿಪ್ ಹೆನ್ರಿ ಗಾಸ್ ಎಂಬ ಪ್ರಕೃತಿ ವಿಜ್ಞಾನಿ ಡೆವನ್ ತೀರದ ಬಗ್ಗೆಯೂ ಮನೆಯಲ್ಲಿ ಅಕ್ವೇರಿಯಂ ಇಡುವ ಬಗ್ಗೆಯೂ ಚಂದದ ಬಣ್ಣದ ಚಿತ್ರ ಹಾಕಿ ಪುಸ್ತಕ ಬರೆದ, ದಡಕ್ಕೆ ಜನರನ್ನು ಕರೆದುಕೊಂಡು ಹೋಗಿ ಪಾಠ ಮಾಡಿದ. ಜನಕ್ಕೆ ಹುಚ್ಚೇ ಹಿಡಿಯಿತು. ರೈಲು ಹತ್ತಿ ಬಂದು ಸುತ್ತಿಗೆ ಉಳಿ ಹಿಡಿದು ಬಂಡೆ ಕೆತ್ತಿ ಜಾಡಿ ತುಂಬಿಕೊಂಡು ಹೋದರು. ಮನೆಗೆ ಹೋದ ಜೀವಿಗಳು ಹೆಚ್ಚಿನವು ಸತ್ತವು. ಗಾಸ್‌ನ ಮಗ ಎಡ್ಮಂಡ್ 1907ರಲ್ಲಿ ಬರೆದ ಆತ್ಮಕಥೆಯಲ್ಲಿ, ಬಾಲ್ಯದಲ್ಲಿ ತಂದೆಯ ಜೊತೆ ನೋಡಿದ್ದ ಆ ಬಂಡೆಗುಂಡಿಗಳು ಬರಿದಾದದ್ದನ್ನೂ ತಂದೆ ಅದಕ್ಕಾಗಿ ನೊಂದದ್ದನ್ನೂ ಹೇಳುತ್ತಾನೆ. ಪ್ರೀತಿಯಿಂದ ಪರಿಚಯ ಮಾಡಿಸಿದವನ ಪುಸ್ತಕವೇ ಲೂಟಿಗೆ ದಾರಿದೀಪ ಆಯಿತು.

ನಮ್ಮಲ್ಲಿ ಇಂಥ ಯೋಚನೆ ಮಾಡಿದವರೇ ಇರಲಿಲ್ಲ ಅಂತಲ್ಲ. ಕೋಟದ ಶಿವರಾಮ ಕಾರಂತರು ಪುತ್ತೂರಿನ ಬಾಲವನದಲ್ಲಿ ಮಕ್ಕಳ ಶಿಕ್ಷಣಕ್ಕೆ ಪ್ರಯೋಗ ಮಾಡಿದರು, 1936ರಲ್ಲಿ ಬಾಲ ಪ್ರಪಂಚದ ಮೂರು ಸಂಪುಟ ತಂದರು. ಒಬ್ಬ ಮನುಷ್ಯ ಒಂಟಿಯಾಗಿ ಅಷ್ಟು ಮಾಡಿದ್ದು ಈಗಲೂ ನಂಬಲಿಕ್ಕೆ ಕಷ್ಟ. ಮಧ್ಯಪ್ರದೇಶದಲ್ಲಿ 1972ರಲ್ಲಿ ಹೋಶಂಗಾಬಾದ್ ಜಿಲ್ಲೆಯ 16 ಶಾಲೆಗಳಲ್ಲಿ ಮಾಡಿ ಕಲಿಯುವ ವಿಜ್ಞಾನ ಶುರುವಾಯಿತು, ಇಲ್ಲಿ ಮುಂಬಯಿಯ ಟಾಟಾ ಸಂಸ್ಥೆಯ ವಿಜ್ಞಾನಿಗಳೂ ಅಲ್ಲಿಗೆ ಹೋಗಿ ಮೇಷ್ಟ್ರುಗಳ ಜೊತೆ ಕೂತರು. ಅಲ್ಲೂ ಮೊದಲು ಕಲಿತವರು ಮೇಷ್ಟ್ರುಗಳೇ. 1978ರಲ್ಲಿ ಇಡೀ ಜಿಲ್ಲೆಗೆ ಹರಡಿತು, 2002ರಲ್ಲಿ ಸರ್ಕಾರ ನಿಲ್ಲಿಸಿತು. ಒಂದೇ ಆದೇಶ.

ಕಡಲಿನ ಮಟ್ಟಿಗೆ ಮುಂಬಯಿ ಮಕ್ಕಳಿಗೆ ಬಹಳ ಕಾಲ ಇದ್ದದ್ದು 1951ರಲ್ಲಿ ಮರೀನ್ ಡ್ರೈವಿನಲ್ಲಿ ತೆರೆದ ತಾರಾಪೊರೇವಾಲಾ ಅಕ್ವೇರಿಯಂ. ನಾವೂ ಮಗಳನ್ನು ಕರೆದುಕೊಂಡು ಹೋಗಿದ್ದೆವು. ಗಾಜಿನಾಚೆ ಮೀನು, ಈಚೆ ನೂಕುನುಗ್ಗಲು. ರಸ್ತೆ ದಾಟಿದರೆ ಅಸಲಿ ಸಮುದ್ರ, ಅದರ ಕಡೆ ಯಾರೂ ತಿರುಗಿ ನೋಡುತ್ತಿರಲಿಲ್ಲ. ಈ ಊರಿನ ಕಪ್ಪು ನೀರಿನಲ್ಲಿ ಏನಿರುತ್ತದೆ ಅಂತ ಎಲ್ಲರ ಉದಾಸೀನ.

2017ರಲ್ಲಿ ಕೆಲವು ಆಸಕ್ತರು ಮರೀನ್ ಲೈಫ್ ಆಫ್ ಮುಂಬಯಿ ಅಂತ ಹೆಸರಿಟ್ಟುಕೊಂಡು ನೀರು ಇಳಿದಾಗ ಜನರನ್ನು ಬಂಡೆಗಳ ಮೇಲೆ ನಡೆಸತೊಡಗಿದರು. ಹಾಜಿ ಅಲಿ, ಜುಹು, ಕಾರ್ಟರ್ ರೋಡ್. ನೂರಾರು ಜಾತಿಯ ಜೀವಿಗಳು ದಾಖಲಾದವು. ಆಕ್ಟೋಪಸ್ ಇದೆ, ಹವಳ ಇದೆ! ನಗರದ ಕೋಸ್ಟಲ್ ರೋಡ್ ಕಟ್ಟುವಾಗ 2020ರಲ್ಲಿ ವರ್ಲಿ ಮತ್ತು ಹಾಜಿ ಅಲಿಯ 18 ಹವಳದ ಗುಂಪುಗಳನ್ನು ಎತ್ತಿ ಬೇರೆಡೆ ನೆಡಬೇಕಾಯಿತು. ಅಲ್ಲಿ ಹವಳ ಇದೆ ಅಂತ ಯಾರೂ ನೋಡದೇ ಇದ್ದಿದ್ದರೆ ಕಾಂಕ್ರೀಟಿನ ಕೆಳಗೆ ಹೋಗುತ್ತಿತ್ತು, ಹೋದದ್ದೂ ಗೊತ್ತಾಗುತ್ತಿರಲಿಲ್ಲ.

ನಮ್ಮ ಪಕ್ಕದ ಫ್ಲ್ಯಾಟಿನ ಮರಾಠಿ ಹುಡುಗಿ ನಾಲ್ಕನೇ ಕ್ಲಾಸು. ಇವಿಎಸ್ ಪ್ರಾಜೆಕ್ಟಿಗೆ ನಕ್ಷತ್ರ ಮೀನಿನ ಚಿತ್ರಕ್ಕೆ ಜರಿ ಅಂಟಿಸುತ್ತಿದ್ದಳು. ಅದರ ಬಾಯಿ ಎಲ್ಲಿದೆ ಅಂತ ಕೇಳಿದೆ. ಟೀಚರ್ ಹೇಳಿಲ್ಲ, ಕಾಕಾ, ಅಂದಳು. ಒಂದು ಭಾನುವಾರ ಅವಳನ್ನೂ ಅವಳ ಅಮ್ಮನನ್ನೂ ಕರೆದುಕೊಂಡು ನಾನೂ ನನ್ನ ಹೆಂಡತಿಯೂ ಇಂಥ ನಡಿಗೆಗೆ ಹೋದೆವು. ನಕ್ಷತ್ರ ಮೀನು ಸಿಗಲಿಲ್ಲ. ಬಂಡೆಯ ಮೇಲ್ಗಡೆ ಒಣಗಿದಂತೆ ಅಂಟಿಕೊಂಡ ಬಾರ್ನಕಲ್, ಕೆಳಗೆ ಹೋದ ಹಾಗೆ ಬೇರೆ ಬೇರೆ ಜೀವಿಗಳ ಪಟ್ಟಿ ಪಟ್ಟಿ, ಏಕೆಂದರೆ ಬಿಸಿಲು ತಡೆಯುವವರಿಗೆ ಮೇಲಿನ ಮಹಡಿ, ತಡೆಯದವರಿಗೆ ಕೆಳಗಿನದು. ಗುಂಡಿಯೊಳಗೆ ಹಸಿರು ಹೂವಿನಂಥ ಅನಿಮೋನ್, ನೆರಳು ಬಿದ್ದರೆ ಮುದುಡುತ್ತದೆ. ಕೊನೆಗೆ ಶಂಖವನ್ನು ಬೆನ್ನಿಗೆ ಹೊತ್ತ ಸನ್ಯಾಸಿ ಏಡಿ. ಅದರ ಮೈಗೆ ಸ್ವಂತ ಚಿಪ್ಪಿನ ಕಾವಲು ಪೂರ್ತಿ ಇಲ್ಲ, ಸತ್ತ ಶಂಖದ ಹುಳುವಿನ ಮನೆಗೆ ಸೇರಿಕೊಳ್ಳುತ್ತದೆ, ಬೆಳೆದ ಹಾಗೆ ದೊಡ್ಡ ಮನೆ ಹುಡುಕುತ್ತದೆ ಅಂತ ಜೊತೆಗಿದ್ದ ಹುಡುಗ ಹೇಳಿದ. ಇವಳು ಸ್ವಲ್ಪ ಹೊತ್ತು ಯೋಚಿಸಿ ಕೇಳಿದಳು, ಹಾಗಾದರೆ ಡಿಪಾಸಿಟ್ ಯಾರಿಗೆ ಕೊಡುತ್ತದೆ?

ಮುಂಬಯಿ ಮಗು! ಹೋಮ್ ಲೋನ್ ಸೆಕ್ಷನ್ನಿನಲ್ಲಿ ವರ್ಷಗಟ್ಟಲೆ ಕೂತ ನನಗೂ ಉತ್ತರ ಹೊಳೆಯಲಿಲ್ಲ.

ಪ್ರಾಜೆಕ್ಟಿಗೆ ಅವಳು ನಕ್ಷತ್ರ ಮೀನು ಬಿಟ್ಟು ತಾನು ನೋಡಿದ ಏಡಿ ಬರೆದಳು. ಕೊಟ್ಟ ವಿಷಯ ಬಿಟ್ಟು ಬೇರೆ ಬರೆದಿದ್ದಾಳೆ ಅಂತ ಹತ್ತಕ್ಕೆ ಐದು ಸಿಕ್ಕಿತು. ಅವಳ ಅಮ್ಮನಿಗೆ ಬೇಸರ. ಹುಡುಗಿಗೆ ಅಷ್ಟೇನೂ ಇಲ್ಲ. ಏಡಿ ಮನೆ ಬದಲಾಯಿಸುವಾಗ ನೋಡಬೇಕಂತೆ, ಮತ್ತೆ ಯಾವಾಗ ಹೋಗುವುದು ಅಂತ ದಿನಾ ಕೇಳುತ್ತಾಳೆ. ಟೀಚರ್ ಮೇಲೆ ನನಗೆ ಸಿಟ್ಟಿಲ್ಲ. ಐವತ್ತು ಮಕ್ಕಳ ಕ್ಲಾಸು, ಮುಗಿಸಬೇಕಾದ ಪೋರ್ಷನ್, ಮೇಲೆ ಎಲೆಕ್ಷನ್ ಡ್ಯೂಟಿ. ಆಕೆಯನ್ನು ಯಾವ ಪೆನಿಕೀಸ್‌ಗೂ ಯಾರೂ ಕರೆದುಕೊಂಡು ಹೋಗಿಲ್ಲ. ಮುಂದಿನ ಸಲ ಹೋಗುವಾಗ ಆಕೆಯನ್ನೂ ಕರೆಯೋಣ ಅಂತ ನನ್ನ ಹೆಂಡತಿಯ ಐಡಿಯಾ.

ಕರಾವಳಿಯ ಊರುಗಳಲ್ಲಿ ಇರುವವರು ನೀವೂ ಹೋಗಬಹುದು. ಅಮಾವಾಸ್ಯೆ, ಹುಣ್ಣಿಮೆಯ ಆಚೀಚೆ ನೀರು ಹೆಚ್ಚು ಇಳಿಯುತ್ತದೆ, ಮುಂಬಯಿಯಲ್ಲಿ ಆ ದಿನಗಳ ಇಳಿತ ಸಾಮಾನ್ಯವಾಗಿ ಬೆಳಗಿನ ಜಾವ ಮತ್ತು ಸಂಜೆ. ಇಲ್ಲಿನವರು ಭರತಿ-ಓಹೋಟಿ ಅನ್ನುತ್ತಾರೆ, ಸಮಯ ಪೇಪರಿನಲ್ಲಿ ಬರುತ್ತದೆ. ನೀರು ತಿರುಗುವ ಮುಂಚೆ ವಾಪಸ್ಸು ಬನ್ನಿ. ಜಾರದ ಚಪ್ಪಲಿ ಇರಲಿ. ಕಲ್ಲು ಎತ್ತಿ ನೋಡಿದರೆ ಇದ್ದ ಹಾಗೆ ಮೆಲ್ಲಗೆ ಇಡಿ, ಕೆಳಗೆ ಒಂದು ಸಂಸಾರ ಇರುತ್ತದೆ. ಏನನ್ನೂ ಮನೆಗೆ ತರಬೇಡಿ, ಖಾಲಿ ಶಂಖವನ್ನೂ. ಮಳೆಗಾಲದಲ್ಲಿ ದಡಕ್ಕೆ ಬೀಳುವ ನೀಲಿ ಬಲೂನಿನಂಥದ್ದನ್ನು ಮಕ್ಕಳು ಮುಟ್ಟದಂತೆ ನೋಡಿಕೊಳ್ಳಿ, ಚೆನ್ನಾಗಿ ಕುಟುಕುತ್ತದೆ. ಒಂದು ಬಿಳಿ ತಟ್ಟೆ, ಒಂದು ಭೂತಗನ್ನಡಿ ಸಾಕು. ತಟ್ಟೆಗೆ ಹಾಕುವ ನೀರು ಮಾತ್ರ ಅದೇ ಗುಂಡಿಯದ್ದಾಗಿರಲಿ, ಬಾಟಲಿಯ ನೀರು ಹಾಕಬೇಡಿ.